ಕನ್ನಡಿಯ ಬುಡದಲ್ಲಿ ಉಪ್ಪು

ಕಬ್ಬಿಣದ ಚೌಕಟ್ಟಿನ ಕೆಳಸಂದಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದ ಪುಡಿಯನ್ನು ಲಲಿತಾಬಾಯಿ ಉಗುರಿನಿಂದ ಕೆರೆದರು. ಮೂಸಿದರು. ಆಮೇಲೆ ನಾಲಿಗೆಯ ತುದಿಗೆ ಹಚ್ಚಿಕೊಂಡೇಬಿಟ್ಟರು.

"ಅಯ್ಯಯ್ಯ, ಬ್ಯಾಡ್ರಿ ಬಾಯಾರ!" ಸಕೀನಾ ಅವರ ಕೈ ಹಿಡಿದು ಎಳೆದಳು. "ಕನ್ನಡಿಗಿ ಹಚ್ಚೋ ಕಲಾಯಿ ಸಾಮಾನು ಇದ್ದೀತು. ಹೊಟ್ಟ್ಯಾಗ ಹೋದ್ರ ದವಾಖಾನಿ ದಾರಿ ಹಿಡೀಬೇಕಾಗ್ತದ."

"ನಿನ್ನ ಕಲಾಯಿ ಇಷ್ಟು ರುಚಿ ಇರಂಗಿಲ್ಲ ತಗೊ," ಎಂದರು ಲಲಿತಾಬಾಯಿ. "ಇದು ಉಪ್ಪು. ಅದೂ ಹರಳುಪ್ಪು. ಜತೀಗಿ ಒಂಚೂರು ಖಾರ."

ಅವರು ಸೆರಗಿನಿಂದ ಬೆರಳು ಒರೆಸಿಕೊಂಡು ಎದ್ದರು. ಜಿಲ್ಲಾ ಪೊಲೀಸಿನ ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ಹೋದ ವರ್ಷ ಹಾರ ಹಾಕಿಸಿಕೊಂಡು ಮನೆಗೆ ಬಂದವರು. ಗಾಜು, ತಗಡು, ಬಾಗಿಲ ಚಿಲಕ, ಯಾವುದನ್ನು ಕಂಡರೂ ಅದನ್ನು ಯಾರು ಮುಟ್ಟಿದ್ದಾರೆ ಎಂಬ ಪ್ರಶ್ನೆಯೇ ಅವರಿಗೆ ಮೊದಲು ಹೊಳೆಯುವುದು. ಇಂದು ಬೆಳಗಿನ ಬಸ್ಸಿಗೆ ಸಕೀನಾ ಅವರನ್ನು ಕಲಬುರಗಿಯಿಂದ ಕಮಲಾಪುರಕ್ಕೆ ಕರೆತಂದಿದ್ದಳು.

ಅವರೆದುರು ಕೆರೆದಂಡೆಯಲ್ಲಿ, ಮಲ್ಕಪ್ಪನ ಬಾಳೆತೋಟದ ಪಕ್ಕ, ಒಂಬತ್ತು ಕನ್ನಡಿಗಳು ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ನಿಂತಿದ್ದವು. ಒಂದೊಂದೂ ಎಂಟಡಿ ಎತ್ತರ. ಇವು ಕೊನೆಗೆ ನಿಲ್ಲಬೇಕಾದ ಜಾಗ ಕಾರವಾರದ ಕಡೆಯ ಒಂದು ಸಮುದ್ರದಂಡೆ. ಅಲ್ಲಿಗೆ ಬಂದವರು ಒಬ್ಬೊಬ್ಬರಾಗಿಯೇ ಒಳಗೆ ಹೋಗಬೇಕು. ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಮಾತಾಡಬಾರದು. ಎದುರಿಗೆ ಒಂಬತ್ತು ಕಡೆ ತಾನೇ. ತನ್ನ ಹೆಗಲ ಹಿಂದೆ ಮುಗಿಯದ ನೀರು. ಮನುಷ್ಯ ಅಲ್ಲಿ ನಿಂತು ತನ್ನನ್ನು ತಾನು ವಿಚಾರಿಸಿಕೊಳ್ಳಲಿ ಎಂಬುದು ಇದನ್ನೆಲ್ಲ ಕಲ್ಪಿಸಿದ ಮುಂಬಯಿಯ ನಕ್ಷೆಗಾರ್ತಿಯ ಆಸೆ. ನೀರಿನ ಎದುರು ಕನ್ನಡಿಗಳ ಓರೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು, ಲಾರಿ ಹತ್ತಿಸುವ ಮುಂಚೆ ಒಂದು ವಾರದ ಮಟ್ಟಿಗೆ ಈ ಕೆರೆಯ ಮುಂದೆ ಜೋಡಿಸಿದ್ದರು.

ಬರೀ ಗಾಜಿಗೆ ಬೆಳ್ಳಿಯ ನೀರು ಹೊಯ್ದು ಕನ್ನಡಿ ಮಾಡಿದವರು ನಂದೂರಿನ ಬೇಳೆ ಮಿಲ್ಲುಗಳ ಹಿಂದಿನ ತಗಡಿನ ಶೆಡ್ಡಿನಲ್ಲಿ ದುಡಿಯುವ ಆರು ಮಂದಿ ಹೆಂಗಸರು. ಸಕೀನಾ ಅವರ ಮುಂದಾಳು. ಕೂಲಿಯ ಮಾತಿಗಿಂತ ಮುಂಚೆ ಅವಳು ಕೇಳಿದ್ದು ಒಂದೇ: ಕನ್ನಡಿಯ ಬೆನ್ನಿಗೆ ನಮ್ಮ ಹೆಸರಿರಬೇಕು. ಅಣೆಕಟ್ಟು ಕಟ್ಟಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕಲ್ಲಿನ ಮೇಲಿರುವುದು ಕತ್ತರಿ ಹಿಡಿದು ರಿಬ್ಬನ್ ಕತ್ತರಿಸಿದವರ ಹೆಸರು. ಈ ಒಂದು ಕೆಲಸದಲ್ಲಾದರೂ ಹಾಗಾಗಬಾರದು ಎಂದು ಎರಡು ತಿಂಗಳು ಹಟ ಹಿಡಿದು ಸಕೀನಾ ಗೆದ್ದಿದ್ದಳು.

ಗೆದ್ದದ್ದು ದಕ್ಕುವ ಹಾಗಿರಲಿಲ್ಲ. ಜೋಡಿಸಿದ ನಾಲ್ಕನೆಯ ದಿನವೇ ಕನ್ನಡಿಗಳ ಬುಡ ಕಪ್ಪಿಡತೊಡಗಿತು. ಇಂದು ಸಂಜೆ ನಾಲ್ಕು ಗಂಟೆಗೆ, ಈ ಕೆಲಸ ಹಿಡಿದ ಕಂಪನಿಯ ಸೂಪರ್‌ವೈಸರ್ ಕಾಶಿರಾಯ ಊರಿನ ಎಸ್‌ಟಿಡಿ ಬೂತಿನಿಂದ ಮುಂಬಯಿಗೆ ಫೋನ್ ಮಾಡಬೇಕು. ಮಾಲು ಕೆಟ್ಟಿದೆ ಎಂದರೆ ಕನ್ನಡಿ ಬೇರೆ ಊರಿನಿಂದ ಬರುತ್ತದೆ. ಆರು ಹೆಂಗಸರ ಕೆಲಸವೂ ಹೆಸರೂ ಈ ಕೆರೆದಂಡೆಯಲ್ಲೇ ಮುಗಿಯುತ್ತವೆ.

ಲಲಿತಾಬಾಯಿ ಸಾಲಿನುದ್ದಕ್ಕೂ ಕೂತು ಎದ್ದು, ಕೂತು ಎದ್ದು ಬಂದರು. ಕಪ್ಪಿದ್ದ ಕಡೆಯಲ್ಲೆಲ್ಲ ಅದು ಬುಡದಿಂದ ಎರಡು ಬೆರಳು ಮಾತ್ರ ಏರಿತ್ತು. ಸಂದಿನಲ್ಲಿ ಉಪ್ಪಿನ ಜತೆ ಒಂದೆರಡು ಮೆಣಸಿನಕಾಯಿ ಬೀಜ.

ಅವರು ಬಾಳೆಗೊನೆಗಳ ಮರೆಯಿಂದ ಇಣುಕುತ್ತಿದ್ದ ಹೊಲದ ಯಜಮಾನನ ಕಡೆ ತಿರುಗಿದರು.

"ಮಲ್ಕಪ್ಪನವರ, ನಿಮ್ಮ ಊರಾಗ ದೃಷ್ಟಿ, ನದರ ತೆಗಿಯೋರು ಯಾರ್ರಿ?"

ಮಲ್ಕಪ್ಪ ರುಮಾಲು ಸರಿ ಮಾಡಿಕೊಂಡ. "ಬ್ಯಾರೆ ಊರಿನ ಮಾತು ಯಾಕ್ರಿ, ನಮ್ಮ ಮನ್ಯಾಗೇ ಅದಾಳಲ್ಲ! ಏ ಇಕಿ, ಬಾ ಇಲ್ಲಿ. ಪೊಲೀಸ್ ಬಾಯಾರು ಕರ್ಯಾಕತ್ತಾರ."

ಅವನ ಹೆಂಡತಿ ಬಂಡಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದುಕೊಂಡೇ ಬಂದಳು. ಲಲಿತಾಬಾಯಿಯ ಮುಖವನ್ನು ಒಂದು ಸಲ ಪರೀಕ್ಷೆ ಮಾಡುವವಳಂತೆ ನೋಡಿದಳು.

"ನದರ ಆಗ್ಯಾದೇನ್ರಿ ಯವ್ವಾ? ಕಣ್ಣು ಇಳದಾವ ಅನ್ನಿಸ್ತದ."

"ನನಗಲ್ಲ. ಈ ಕನ್ನಡಿಗೆ ಉಪ್ಪು ಯಾರು ಹಾಕಿದ್ರು?"

"ನಾನೇ," ಎಂದಳು ಬಂಡಮ್ಮ. ಮುಚ್ಚಿಡುವ ಮಾತೇ ಅಲ್ಲ ಅದು ಎಂಬಂತೆ ಹಣ್ಣು ಬಿಡಿಸಿ ಒಬ್ಬೊಬ್ಬರ ಕೈಗೂ ಕೊಟ್ಟಳು. "ಹಾಕದ ಹ್ಯಾಂಗ ಇರ್ಲಿ? ನಮ್ಮ ಮನ್ಯಾಗಿನ ಕನ್ನಡಿ ಅಂಗೈಯಷ್ಟು. ಹಣಿ ಕಂಡ್ರ ಗದ್ದ ಕಾಣಂಗಿಲ್ಲ. ಇಲ್ಲಿಗೆ ಬಂದ ಹೆಣಮಕ್ಕಳು ಕಾಲ ಬೆರಳಿನಿಂದ ನೆತ್ತಿ ತನಕ ತಮ್ಮನ್ನ ತಾವೇ ನೋಡ್ಕೊಂಡು ಅರ್ಧ ತಾಸು ನಿಂದರ್ತಾರ. ಮಂದಿ ನದರ ಹ್ಯಾಂಗರ ತಡಕೋಬಹುದು. ತನ್ನ ನದರ ತನಗೇ ತಟ್ಟಿದ್ರ ಬಿಡಂಗಿಲ್ಲ. ಯಾರಿಗರ ಜ್ವರ ಬಂತಂದ್ರ ಹೊಲಾ ಯಾರದು? ನಮ್ದು!"

"ಅದಕ್ಕ?"

"ಅದಕ್ಕ ಒಬ್ಬೊಬ್ಬಾಕಿಗೂ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ."

"ನಿವಾಳಿಸಿದ್ದು ಒಲಿಗೆ ಹಾಕ್ತಾರಲ್ಲ, ಬಂಡಮ್ಮ?"

"ಮಂದಿ ನದರಾದ್ರ ಒಲಿಗೆ. ಇದು ಕನ್ನಡಿಯೊಳಗಿಂದ ಬಂದ ನದರ. ಎಲ್ಲಿಂದ ಬಂತೊ ಅಲ್ಲೇ ಹೋಗ್ಲಿ ಅಂತ ಬುಡಕ್ಕ ಸುರುವಿ ಒಂದು ಚಂಬು ನೀರು ಬಿಟ್ಟೆ."

ಸಕೀನಾ ಹಣೆ ಬಡಿದುಕೊಂಡಳು. ಸಿಟ್ಟು ಬರಬೇಕಾದಲ್ಲಿ ಅವಳಿಗೆ ನಗು ಬಂದುಬಿಟ್ಟಿತು. "ಯಾ ಅಲ್ಲಾ! ಎಷ್ಟು ಮಂದೀಗಿ ತೆಗದೀರಿ ಅಕ್ಕಾ?"

"ಇಡೀ ಓಣಿ ಬಂದಿತ್ತವ್ವ. ಇವರಿಗೂ ತೆಗದೀನಿ," ಎಂದು ಬಂಡಮ್ಮ ಗಂಡನ ಕಡೆ ಗದ್ದ ತೋರಿದಳು. "ಹೊಲಕ್ಕ ನೀರು ಬಿಡೋದು ಬಿಟ್ಟು ಮೀಸಿ ತಿರುವಿಕೋತ ನಿಂತಿದ್ರು."

"ನಂದು ಬಿಡ್ರಿ," ಎಂದ ಮಲ್ಕಪ್ಪ ನಾಚಿ. "ಕಳೆ ತೆಗಿಯಾಕ ಬರೋ ಮುದುಕಿ ಮಾತು ಕೇಳ್ರಿ. ತನ್ನ ಬೆನ್ನು ಇಷ್ಟು ಬಾಗ್ಯಾದ ಅಂತ ಆಕಿಗಿ ಗೊತ್ತೇ ಇರಲಿಲ್ಲ. ಅಷ್ಟೊತ್ತು ಸುಮ್ಮ ನಿಂತು ಹೊರಗ ಬಂದು, ಇನ್ನ ಒಬ್ಬಾಕಿನೇ ಹೊರಿ ಹೊರಂಗಿಲ್ಲ, ಇಬ್ಬರನ್ನ ಹಚ್ಚು ಅಂದ್ಲು. ಹಚ್ಚೀನಿ. ಆಕಿ ಹೇಳಿದ್ಮ್ಯಾಲೆ ನನಗೂ ಕಂಡ್ತು."

ಸಮುದ್ರ ಕಾಣುವ ಮೊದಲೇ ಕನ್ನಡಿಗಳು ತಮ್ಮ ಕೆಲಸ ಶುರು ಮಾಡಿದ್ದವು. ಲಲಿತಾಬಾಯಿಗೆ ಒಳಗೇ ಖುಷಿಯಾಯಿತು. ಅಕ್ಷರ ಬಾರದ ಒಬ್ಬ ಕೂಲಿಯ ಹೆಂಗಸು ಕನ್ನಡಿಯಿಂದ ತನ್ನ ಬೆನ್ನಿನ ಲೆಕ್ಕ ಕೇಳಿ ಪಡೆದಿದ್ದಳು.

"ಒಂಬತ್ತಕ್ಕೂ ಉಪ್ಪು ಹಾಕೀರೇನು?" ಎಂದು ಕೇಳಿದರು.

"ಇಲ್ಲ. ಈ ಕಡಿ ಆರಕ್ಕ. ಆ ಮೂರರ ಮುಂದ ಕೆಸರದ. ಸೀರಿ ಹೊಲಸಾಗ್ತದಂತ ಅಲ್ಲಿ ಯಾರೂ ನಿಂದರಂಗಿಲ್ಲ."

ಬೇವಿನ ಮರದ ಕೆಳಗೆ ನಕ್ಷೆ ಹರಡಿಕೊಂಡು ಕೂತಿದ್ದ ಕಾಶಿರಾಯ ಇಷ್ಟೂ ಮಾತು ಕೇಳಿಸಿಕೊಂಡಿದ್ದ. ಎದ್ದು ಬಂದ. ನಲವತ್ತರ ಆಳು, ಇಸ್ತ್ರಿ ಮಾಡಿದ ಅಂಗಿ, ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ಆಯ್ತಲ್ರಿ ಬಾಯಾರ. ಉಪ್ಪಿನಿಂದ ಕಪ್ಪಾಗ್ಯಾವ ಅಂತ ನೀವೇ ಪತ್ತೆ ಹಚ್ಚಿದ್ರಿ. ಸಮುದ್ರದ ದಂಡ್ಯಾಗ ಗಾಳೀನೇ ಉಪ್ಪು. ನಾಕು ಮುಟಿಗಿ ಉಪ್ಪು ತಾಳದ ಮಾಲು ಅಲ್ಲಿ ನಾಕು ದಿನ ನಿಲ್ತದೇನು? ನಾ ಮುಂಬಯಿಗೆ ಏನಂತ ಹೇಳ್ಲಿ?"

"ನಲವತ್ತು ದಿನ, ಕಾಶಿರಾಯಪ್ಪ!" ಸಕೀನಾಳ ದನಿ ಕೆರೆಯ ಆಚೆ ದಡಕ್ಕೆ ಮುಟ್ಟಿತು. "ಉಪ್ಪಿನಕಾಯಿ ಭರಣಿಯೊಳಗ ಉಪ್ಪು ನೀರು ತುಂಬಿ, ಒಂದು ತುಂಡು ಕನ್ನಡಿ ನಲವತ್ತು ದಿನ ಮುಳುಗಿಸಿಟ್ಟಿದ್ದೆ. ನಿನ್ನ ಕಣ್ಣೆದುರೇ ತೆಗದೆ. ಅದರಾಗ ನೀನೇ ಕ್ರಾಪು ಬಾಚಿಕೊಂಡಿ. ನೆನಪು ಅದನೊ ಇಲ್ಲೊ?"

ಕಾಶಿರಾಯ ಕೆರೆಯ ಕಡೆ ನೋಡಿದ.

"ಇಬ್ಬರೂ ಸುಮ್ಮಿರ್ರಿ," ಎಂದರು ಲಲಿತಾಬಾಯಿ. "ಉಪ್ಪು ಬಿದ್ದಿದ್ದು ಆರು ಕನ್ನಡಿಗೆ. ಕಪ್ಪಾಗಿದ್ದು ಐದು."

ಎಲ್ಲರೂ ಸಾಲಿನ ಕಡೆ ತಿರುಗಿದರು. ದಾರಿಯಿಂದ ನಾಲ್ಕನೆಯ ಕನ್ನಡಿಯ ಬುಡದಲ್ಲೂ ಅದೇ ಉಪ್ಪು, ಅದೇ ಬೀಜ, ಅದೇ ನೀರಿನ ಕಲೆ. ಆದರೆ ಅಂಚಿನವರೆಗೂ ಕನ್ನಡಿ ಥಳಥಳಿಸುತ್ತಿತ್ತು. ಒಂದು ಚುಕ್ಕೆ ಕಪ್ಪೂ ಇರಲಿಲ್ಲ.

"ಅಂದ್ರ ಉಪ್ಪು ಒಂದರಿಂದಲೇ ಇದು ಆಗಿಲ್ಲ," ಎಂದರು ಅವರು. "ಸಕೀನಾ, ಅಂಚಿಗೆ ನೀರು ಹೋಗದಂಗ ಏನು ಮಾಡಿದ್ದಿ? ಬಿಡಿಸಿ ಹೇಳು."

"ಬೆಳ್ಳಿ ಮ್ಯಾಲೆ ತಾಮ್ರ, ತಾಮ್ರದ ಮ್ಯಾಲೆ ಕೆಂಪು ಬಣ್ಣ. ಬಣ್ಣ ಒಣಗಿದ್ಮ್ಯಾಲೆ ಬೆನ್ನಿನ ಬುಡಕ್ಕ ಬಿಳಿ ಅಕ್ಷರದಾಗ ಆ ಕನ್ನಡಿಗೆ ದುಡಿದವರ ಹೆಸರು. ಕಡೀಗಿ ಹೆಸರಿನ ಮ್ಯಾಲಿಂದ ಅಂಚು ಸುತ್ತಿ ಬರೋ ಹಂಗ ಮೂರು ಕೈ ವಾರ್ನಿಷ್. ಅದು ಗಟ್ಟಿ ಇರೋತನಕ ಒಂದು ಹನಿ ಒಳಗ ಹೋಗಂಗಿಲ್ಲ."

ಲಲಿತಾಬಾಯಿ ಕನ್ನಡಿಗಳ ಹಿಂದಕ್ಕೆ ಹೋದರು. ಒಂಬತ್ತರ ಬೆನ್ನಿಗೂ ಬುಡದಲ್ಲಿ ಕಂಪನಿಯ ಹೆಸರು ಬರೆದ ಉದ್ದನೆಯ ತಗಡಿನ ಪಟ್ಟಿ ಅಂಟಿಸಿತ್ತು.

"ಇದು?"

"ಅದಕ್ಕೇ ಮೊನ್ನಿ ಜಗಳಾಡಿದ್ದು," ಎಂದಳು ಸಕೀನಾ. "ನಮ್ಮ ಹೆಸರು ಮುಚ್ಚಿ ತಮ್ಮ ಹೆಸರು ಅಂಟಿಸ್ಯಾರ. ಸಮುದ್ರಕ್ಕ ಹೋದ್ಮ್ಯಾಲೆ ನಾ ಕಿತ್ತೇ ಬಿಡ್ತೀನಿ ಅಂತ ಹೇಳೀನಿ."

ಲಲಿತಾಬಾಯಿ ಚೀಲದಿಂದ ಸಣ್ಣ ಚಾಕು ತೆಗೆದರು.

"ಬಾಯಾರ, ಅದು ಕಂಪನಿ ಪಟ್ಟಿ," ಎಂದು ಕಾಶಿರಾಯ ಬೇಗ ಬೇಗ ಬಂದ. "ಕೈ ಹಚ್ಚಬ್ಯಾಡ್ರಿ. ನಾ ಜವಾಬು ಕೊಡಬೇಕಾಗ್ತದ."

"ಕೊಡೀಯಂತ. ತಾಳು."

ಮೊದಲ ಕನ್ನಡಿಯ ಪಟ್ಟಿ ಚರ್ರನೆ ಬಿಟ್ಟು ಬಂತು.

ಕೆಳಗೆ ಹೆಸರಿರಲಿಲ್ಲ. ಬ್ಲೇಡಿನಿಂದ ಅಡ್ಡಡ್ಡ ಹೆರೆದ ಗೆರೆಗಳಿದ್ದವು. ಬಿಳಿ ಅಕ್ಷರದ ಜತೆ ವಾರ್ನಿಷ್ ಎದ್ದಿತ್ತು, ವಾರ್ನಿಷ್ ಜತೆ ಕೆಂಪು ಬಣ್ಣ ಎದ್ದಿತ್ತು, ಅಂಚಿನವರೆಗೂ ಬೆಳ್ಳಿ ಬೆತ್ತಲೆ ನಿಂತಿತ್ತು. ಬಂಡಮ್ಮನ ಚಂಬಿನ ನೀರಿಗೆ ಬಾಗಿಲು ಅಲ್ಲೇ ತೆರೆದಿತ್ತು.

ಎರಡನೆಯದೂ ಹಾಗೆ. ಮೂರನೆಯದೂ ಹಾಗೆ. ಕೆಸರಿನ ಕಡೆಯ ಮೂರನ್ನೂ ಹೆರೆದಿತ್ತು, ಉಪ್ಪು ಬೀಳದ್ದರಿಂದ ಅವು ಉಳಿದಿದ್ದವು ಅಷ್ಟೆ. ನಾಲ್ಕನೆಯದರ ಪಟ್ಟಿ ಕಿತ್ತಾಗ ಮಾತ್ರ ಕೆಳಗೆ ಗಾಜಿನಂತೆ ಗಟ್ಟಿ ವಾರ್ನಿಷ್, ಅದರೊಳಗೆ ದುಂಡನೆಯ ಬಿಳಿ ಅಕ್ಷರ.

ಸಕೀನಾ ಹೆರೆದ ಜಾಗದ ಮೇಲೆ ಕೈಯಾಡಿಸಿದಳು. ಜಗಳಗಂಟಿ ಎಂದು ನಂದೂರಿಗೆಲ್ಲ ಹೆಸರಾದ ಹೆಂಗಸು ಸುಮ್ಮನಾದದ್ದು ನೋಡಿ ಮಲ್ಕಪ್ಪ ಕೈಯ ಹಣ್ಣು ತಿನ್ನದೆ ಹಾಗೇ ಹಿಡಿದುಕೊಂಡ.

"ನನ್ನ ಕೆಲಸ ಕೆಟ್ಟದ ಅಂದಿ," ಎಂದಳು ಕೊನೆಗೆ, ಕಾಶಿರಾಯನಿಗೆ. ದನಿ ಏರಿರಲಿಲ್ಲ. "ಮೂರು ದಿನದಿಂದ ಮಂದಿ ಮುಂದ ಅಂದಿ. ನಾನೂ ನಂಬಾಕ ಹತ್ತಿದ್ದೆ."

"ಯಾರು ಹೆರದಾರೊ ನನಗೇನು ಗೊತ್ತು..."

"ಕಾಶಿರಾಯ." ಲಲಿತಾಬಾಯಿ ಪಟ್ಟಿಯನ್ನು ಮಗುಚಿ ಹಿಡಿದರು. ಒಣಗಿದ ಗೋಂದಿನಲ್ಲಿ ಒಂದು ಹೆಬ್ಬೆರಳಿನ ಗುರುತು ಒತ್ತಿಕೊಂಡಿತ್ತು, ನಡುವೆ ಓರೆಯಾಗಿ ಒಂದು ಹೊಸ ಗಾಯದ ಗೆರೆ. "ಬ್ಲೇಡ್ ಹಿಡಿದು ರೂಢಿ ಇಲ್ಲದ ಕೈ ಮೊದಲು ತನ್ನನ್ನೇ ಕುಯ್ಕೊಳ್ತದ. ಆ ಬಟ್ಟಿ ಬಿಚ್ಚತೀಯೊ, ನಾ ಬಿಚ್ಚಲೊ?"

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಕಂಪನಿ ಹೇಳ್ತು, ನಾ ಮಾಡಿದೆ," ಎಂದ.

"ಸುಳ್ಳು. ಕಂಪನಿ ಹೇಳಿದ್ರ ಪಟ್ಟಿ ಅಂಟಿಸಿ ಬಿಡ್ತಿದ್ದಿ. ಪಟ್ಟಿ ಅಡಿ ಹೆಸರಿದ್ರ ಕಂಪನಿಗೆ ಏನು ಕಷ್ಟ? ಮತ್ತ ಕಂಪನಿ ಹೇಳಿದ್ರ ಒಂಬತ್ತೂ ಹೆರೀತಿದ್ದಿ. ನಾಕನೇದು ಯಾಕ ಬಿಟ್ಟಿ?"

ಕಾಶಿರಾಯ ನಕ್ಷೆ ಎತ್ತಿಕೊಳ್ಳಲು ಬೇವಿನ ಮರದ ಕಡೆ ಹೊರಟ.

ಲಲಿತಾಬಾಯಿ ಕೈ ಎತ್ತಿ ಕನ್ನಡಿಗಳ ಬಿಲ್ಲಿನ ಒಳಗೆ ತೋರಿದರು.

"ಮೂವತ್ತೊಂದು ವರ್ಷ ನಾ ಠಾಣೆ ನೋಡೀನಿ. ಲಾಠಿ ತೋರಿಸಿ ತಗದ ಮಾತು ಅರ್ಧ ಸುಳ್ಳಿರ್ತದ. ಬಡವನ ಬಾಯಿಂದ ತಗದಿದ್ದಂತೂ ಪೂರಾ ಸುಳ್ಳು. ನಾ ನಿನ್ನನ್ನ ಏನೂ ಕೇಳಂಗಿಲ್ಲ. ಇದನ್ನ ಕಟ್ಟಿಸಿದಾಂವ ನೀನು. ಒಂದು ಸಲಾದ್ರೂ ಒಳಗ ಹೋಗಿ ನಿಂತೀಯೇನು?"

"ಇಲ್ಲ."

"ಹೋಗು. ಒಬ್ಬನೇ ಹೋಗು. ಬಂದು ಏನು ಹೇಳ್ತೀಯೊ ಅದನ್ನ ನಂಬತೀನಿ."

ಕಾಶಿರಾಯ ನಕ್ಕು ತೇಲಿಸಿಬಿಡಬೇಕೆಂದು ಬಾಯಿ ತೆರೆದ. ಯಾರೂ ನಗದ್ದು ನೋಡಿ ಮುಚ್ಚಿಕೊಂಡ. ಚಪ್ಪಲಿ ಬಿಟ್ಟ, ಯಾಕೆ ಬಿಟ್ಟನೋ ಅವನಿಗೂ ತಿಳಿಯದು. ಒಳಗೆ ನಡೆದ.

ಹೊರಗಿನಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಕನ್ನಡಿಯಲ್ಲಿ ಒಂಬತ್ತು ಮುಖ. ಮೊದಲು ಅವನು ಕೂದಲು ಸರಿಮಾಡಿಕೊಂಡ. ಆಮೇಲೆ ಕೈ ಇಳಿಬಿಟ್ಟ. ಕನ್ನಡಿಯಲ್ಲಿ ಕೆರೆಯ ನೀರು ಅವನ ಎರಡೂ ಹೆಗಲ ಮೇಲಿಂದ ಹರಿದು ಆಕಾಶಕ್ಕೆ ಕೂಡಿತ್ತು. ಬಂಡಮ್ಮ ಸೆರಗಿನ ಗಂಟಿನಲ್ಲಿ ಉಪ್ಪು ಹುಡುಕತೊಡಗಿದಳು. ಮಲ್ಕಪ್ಪ ಅವಳ ಕೈ ಹಿಡಿದು ನಿಲ್ಲಿಸಿದ.

ಕಾಶಿರಾಯ ಹೊರಗೆ ಬಂದವನೇ ಸೀದಾ ಸಕೀನಾಳ ಮುಂದೆ ನಿಂತ.

"ನಾನೇ ಹೆರದೆ. ವಾರ್ನಿಷ್ ಹೋದ್ರ ಕನ್ನಡಿ ಕೆಡ್ತದಂತ ನನಗ ಖರೇವಂದ್ರೂ ಗೊತ್ತಿರಲಿಲ್ಲ ಸಕೀನಾಬಿ. ಕಪ್ಪು ಕಂಡ ದಿನ ಗೊತ್ತಾಯ್ತು. ಅವತ್ತು ಹೇಳಿದ್ರ ಯಾಕ ಹೆರದಿ ಅಂತ ಕೇಳ್ತಿದ್ದಿ. ಅದಕ್ಕ ತಪ್ಪು ನಿನ್ನ ಮ್ಯಾಲೆ ಹಾಕಿದೆ. ಒಳಗ ನಿಂತಾಗ ಅದೊಂದೇ ಕಂಡ್ತು."

"ಯಾಕ ಹೆರದಿ?"

"ನಿಮ್ಮ ಆರು ಮಂದ್ಯಾಗ ಒಬ್ಬಾಕಿ ನನ್ನ ಹತ್ರ ಬಂದಿದ್ಲು. ನನ್ನ ಹೆಸರು ತಗದುಬಿಡ್ರಿ ಸಾಹೇಬ್ರ ಅಂತ ಅತ್ತಳು."

ಸಕೀನಾ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. "ಸುಳ್ಳು."

"ಆಕಿ ಊರಾಗ ಒಬ್ಬ ದೊಡ್ಡ ಮನಷ್ಯಾನ ಮಗ ಒಬ್ಬ ಆಳಿನ ಮ್ಯಾಲೆ ಟ್ರ್ಯಾಕ್ಟರ್ ಹತ್ತಿಸ್ಯಾನ. ಬೇಕಂತಲೇ ಹತ್ತಿಸ್ಯಾನ. ನೋಡಿದಾಕಿ ಇಕಿ ಒಬ್ಬಾಕಿ. ಸೋಮವಾರ ಕೋರ್ಟಿನಾಗ ಸಾಕ್ಷಿ ಅದ. ಅಲ್ಲಿತನಕ ಎಲ್ಲಿದೀನಿ ಅಂತ ಅವರಿಗೆ ಗೊತ್ತಾಗಬಾರದು ಅಂತ ನಂದೂರಿಗೆ ಬಂದು ಅಡಗ್ಯಾಳ. ನೀವು ಬೆನ್ನಿಗೆ ಏನು ಬರ್ಯಾಕತ್ತೀರಂತ ಓದಾಕ ಬರದ ಆಕಿಗೆ ಗೊತ್ತಾಗಿಲ್ಲ. ಗೊತ್ತಾದಾಗ ವಾರ್ನಿಷ್ ಆಗಿತ್ತು."

"ನನಗ ಹೇಳಬಹುದಿತ್ತಲ್ಲ! ನಿನಗ ಹೇಳ್ತಾಳ, ನನಗ ಹೇಳಂಗಿಲ್ಲಾ?"

"ಸಕೀನಾ ಆಪಾಗ ಹೇಳಬ್ಯಾಡ್ರಿ ಅಂತ ಆಣಿ ಹಾಕಿಸ್ಕೊಂಡಾಳ. ಆಪಾ ಈ ಹೆಸರಿಗಾಗಿ ಎರಡು ತಿಂಗಳು ಬಡದಾಡ್ಯಾಳ, ಯಾವ ಬಾಯಿಲೆ ಬ್ಯಾಡ ಅನ್ನಲಿ ಅಂದ್ಲು."

ಲಲಿತಾಬಾಯಿ ನಡುವೆ ಬಂದರು. "ಒಂದು ಹೆಸರಿಗೆ ಎಲ್ಲಾ ಯಾಕ ಹೆರದಿ?"

"ಒಂದೇ ಹೆರದ್ರ ಅದು ಯಾರದಂತ ಮಂದಿ ಕೇಳ್ತಾರ. ಎಲ್ಲಾ ಹೆರದ್ರ ಕಂಪನಿ ಸೊಕ್ಕು ಅಂತ ಬೈದು ಸುಮ್ಮನಾಗ್ತಾರ." ಅವನು ಹೆಬ್ಬೆರಳಿನ ಬಟ್ಟೆ ಬಿಗಿ ಮಾಡಿಕೊಂಡ. "ನಾಕನೇದರಾಗ ಆಕಿ ಹೆಸರು ಇರಲಿಲ್ಲ. ಒಂದಾದ್ರೂ ನಿಮ್ಮ ಹೆಸರು ಉಳೀಲಿ ಅಂತ ಬಿಟ್ಟೆ. ಇನ್ನ ಆಕಿ ಯಾರಂತ ಕೇಳಬ್ಯಾಡ್ರಿ. ನೌಕರಿ ಹೋದ್ರೂ ಹೇಳಂಗಿಲ್ಲ."

ಒಳ್ಳೆಯತನದಿಂದ ಅವನು ಬಿಟ್ಟ ಆ ಒಂದು ಕನ್ನಡಿಯೇ ಗುಟ್ಟನ್ನು ಬಯಲಲ್ಲಿ ಇಟ್ಟಿತ್ತು. ಅದು ಅವನಿಗೆ ಹೊಳೆದಿರಲಿಲ್ಲ. ಲಲಿತಾಬಾಯಿಗೆ ಹೊಳೆದಿತ್ತು. ಸಕೀನಾ ಆಗಲೇ ನಾಲ್ಕನೆಯ ಕನ್ನಡಿಯ ಬೆನ್ನಿಗೆ ಕೂತು ಒಂದೊಂದೇ ಹೆಸರಿನ ಮೇಲೆ ಬೆರಳಿಡುತ್ತಿದ್ದಳು.

"ಸಕೀನಾ. ಅಕ್ಬರಿ ಬೇಗಂ. ಜಾಹೇದಾ. ಶಿವಕಾಂತಮ್ಮ. ಅನ್ನಮ್ಮ."

ಐದು. ಬೆರಳು ಅಲ್ಲೇ ನಿಂತಿತು.

"ಭೀಮಬಾಯಿ," ಎಂದಳು ಮೆಲ್ಲಗೆ. "ಅವತ್ತು ಹಲ್ಲುನೋವಂತ ಕೆಲಸಕ್ಕ ಬಂದಿರಲಿಲ್ಲ."

ಕಾಶಿರಾಯ ತಲೆ ತಗ್ಗಿಸಿದ.

"ಎಂಟು ತಿಂಗಳು ಒಂದೇ ತಾಟಿನಾಗ ರೊಟ್ಟಿ ಮುರದೀವಿ ಬಾಯಾರ. ನಾ ಹೆಸರು ಹೆಸರು ಅಂತ ಕುಣದೆ. ನಂದು ಬ್ಯಾಡ ಅನ್ನಾಕ ಒಬ್ಬಾಕಿಗಿ ಜಾಗಾನೇ ಇಡಲಿಲ್ಲ." ಅವಳು ಕಣ್ಣೊರೆಸಿಕೊಂಡು ಎದ್ದಳು. ಎದ್ದದ್ದೇ ಹಳೆಯ ಸಕೀನಾ ಆದಳು. "ಆಯ್ತು. ಇನ್ನ ಅಳೋದು ಸಾಕು. ಗಂಟೆ ಎಷ್ಟು?"

"ಒಂದೂವರಿ," ಎಂದ ಮಲ್ಕಪ್ಪ.

"ಕಪ್ಪು ಎರಡು ಬೆರಳು ಅಷ್ಟೆ. ಚೌಕಟ್ಟಿನ ಪಟ್ಟಿ ಎರಡು ಬೆರಳು ಎತ್ತರಿಸಿದ್ರ ಮುಚ್ಚಿ ಹೋಗ್ತದ. ತೊಳದು, ಒಣಗಿಸಿ, ಹೊಸ ಬಣ್ಣ, ಹೊಸ ವಾರ್ನಿಷ್. ನಾಳಿ ಮಧ್ಯಾಹ್ನದೊಳಗ ಎಂಟೂ ತಯಾರ್ ಮಾಡ್ತೀನಿ. ಕಾಶಿರಾಯಪ್ಪ, ಲಾರಿ ಒಂದು ದಿನ ತಡೀತದೇನು?"

"ತಡಿಸ್ತೀನಿ. ತಪ್ಪು ನಂದಂತ ಮುಂಬಯಿಗೆ ನಾನೇ ಹೇಳ್ತೀನಿ." ಅವನ ಮುಖದಲ್ಲಿ ಮೂರು ದಿನಗಳ ಮೇಲೆ ರಕ್ತ ಆಡಿತು. "ಹೆಸರು?"

"ಬೆನ್ನು ಖಾಲಿ ಇರ್ಲಿ. ಸೋಮವಾರ ಆಕಿ ಸಾಕ್ಷಿ ಹೇಳಿ ಬರ್ಲಿ. ಆಮ್ಯಾಲೆ ಆರೂ ಮಂದಿ ಬಸ್ಸು ಹತ್ತಿ ಸಮುದ್ರಕ್ಕೇ ಹೋಗಿ ಬರಿತೀವಿ. ಆಕಿ ಹೆಸರು ಮೊದಲು."

"ನನ್ನನ್ನೂ ಕರಕೊಂಡು ಹೋಗ್ರಿ," ಎಂದಳು ಬಂಡಮ್ಮ. "ಅಷ್ಟು ದೊಡ್ಡ ನೀರಿಗೆ ಎಷ್ಟು ಮಂದಿ ನದರ ಬಿದ್ದಿರ್ತದೊ!"

"ಉಪ್ಪು ಮಾತ್ರ ಮನ್ಯಾಗ ಬಿಟ್ಟು ಬಾ ಅಕ್ಕಾ," ಎಂದಳು ಸಕೀನಾ. "ಅಲ್ಲಿ ಬೇಕಾದಷ್ಟು ಅದ."

ಮಲ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಲಲಿತಾಬಾಯಿಯೂ ನಕ್ಕರು. ಬಾಳೆಹಣ್ಣು ಕೈಯಿಂದ ಕೈಗೆ ಹೋಯಿತು. ಬಿಸಿಲು ಕೆರೆಯ ಮೇಲಿಂದ ಒಂಬತ್ತು ಕನ್ನಡಿಗೂ ಹರಿದು, ಐವರ ಮೈಮೇಲೂ ನೀರಿನ ಬೆಳಕು ಆಡತೊಡಗಿತು. ಬಹಳ ದಿನದ ಮೇಲೆ ಒಂದು ಕೆಲಸ ಸರಿಯಾಗಿ ಮುಗಿಯುವ ಹಾಗೆ ಕಾಣುತ್ತಿತ್ತು.

"ವಾರ್ನಿಷ್ ತರಾಕ ನಾ ಎರಡರ ಬಸ್ಸಿಗೆ ನಂದೂರಿಗೆ ಹೋಗಿ ಬರ್ತೀನಿ," ಎಂದು ಸಕೀನಾ ಚಪ್ಪಲಿ ಮೆಟ್ಟಿದಳು. "ಹಂಗೇ ಆ ಪೇಪರಿನವನಿಗೂ ಹೇಳಬೇಕು, ನಮ್ಮ ಹೆಸರು ಸೋಮವಾರ ತನಕ ಹಾಕಬ್ಯಾಡಪ್ಪಾ ಅಂತ."

ಕಾಶಿರಾಯ ನಕ್ಷೆ ಸುತ್ತುತ್ತಿದ್ದವನು ನಿಲ್ಲಿಸಿದ. "ಯಾವ ಪೇಪರಿನವ?"

"ನೀನೇ ಕಳಿಸಿದ್ದಲ್ಲೇನು? ಮುಂಜಾನಿ ನಾ ಶೆಡ್ಡಿನ ಬಾಗಿಲು ತೆಗಿಯೋದರಾಗ ಬಂದು ನಿಂತಿದ್ದ. ಕನ್ನಡಿ ಮಾಡಿದ ಆರೂ ಮಂದಿ ಬಗ್ಗೆ ಬರೀಬೇಕು ಅಂದ."

"ನಾ ಯಾರನ್ನೂ ಕಳಿಸಿಲ್ಲ. ಪೇಪರಿನವರು ಇಲ್ಲೀಗಿ ಬರ್ತೀವಿ ಅಂದಿದ್ರು, ನಾನೇ ಬ್ಯಾಡಂದೀನಿ. ಅವರಿಗೆ ನಿಮ್ಮ ಶೆಡ್ಡು ಎಲ್ಲಿ ಅದ ಅಂತಾನೂ ಗೊತ್ತಿಲ್ಲ."

ಲಲಿತಾಬಾಯಿಯ ಕೈಯಲ್ಲಿದ್ದ ತಗಡಿನ ಪಟ್ಟಿ ನೆಲಕ್ಕೆ ಬಿತ್ತು.

"ಸಕೀನಾ. ಅವನ ಹತ್ರ ಕ್ಯಾಮರಾ ಇತ್ತೇನು?"

"ಇಲ್ಲ."

"ಪೆನ್ನು? ಕಾಗದ?"

ಸಕೀನಾ ನೆನಪು ಮಾಡಿಕೊಂಡಳು. ಅವಳ ತುಟಿಯ ಬಣ್ಣ ಇಳಿಯುತ್ತಾ ಹೋಯಿತು.

"ಏನೂ ಬರಕೊಳ್ಳಲಿಲ್ಲ. ಬರೀ ಹೆಸರು ಕೇಳಿದ. ನಾನೇ... ಒಬ್ಬೊಬ್ಬರ ಹೆಗಲ ಮ್ಯಾಲೆ ಕೈಯಿಟ್ಟು ಹೇಳಿದೆ, ಇಕಿ ಅಕ್ಬರಿ, ಇಕಿ ಜಾಹೇದಾ, ಇಕಿ..."

"ಈಗ ಎಲ್ಲಿದ್ದಾನ?"

"ನೀವು ಕೆಲಸಕ್ಕ ಹೋಗ್ರಿ, ನಾ ಕೂತಿರ್ತೀನಿ ಅಂದ. ನಾಕು ಮಂದಿ ನಸುಕಿನ ಮಾಲು ಇಳಿಸಾಕ ಗಾಡಿ ಅಡ್ಡಾಕ್ಕ ಹೋದ್ರು. ಮನಿಗೆ ಬಂದವರನ್ನ ಒಬ್ಬರನ್ನೇ ಬಿಡಬಾರದು ಅಂತ..."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾತು ಬೆರಳುಗಳ ಸಂದಿನಿಂದ ಬಂತು.

"ಚಾ ಮಾಡಿಕೊಟ್ಟು ಮಾತಾಡಿಸ್ಕೋತ ಕೂಡು ಅಂತ ಭೀಮಬಾಯಿನ್ನ ಕೂಡಿಸಿ ಬಂದೀನಿ."